ರೈಲ್ವೆಗೆ ಹೆಂಗಸರು ಬಂದದ್ದು ಈಗೀಗಲೇ?

ರೈಲಿನ ಚರಿತ್ರೆ ಓದುವುದು ನನ್ನ ಹಳೆಯ ಹುಚ್ಚು. ಅದು ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: ‘ಈಗೀಗ ರೈಲ್ವೆಗೂ ಹೆಂಗಸರು ಬರುತ್ತಿದ್ದಾರಲ್ಲ, ಅಷ್ಟು ಕಷ್ಟದ ಕೆಲಸ ಅವರ ಕೈಲಾಗುತ್ತದೆಯೇ?’ ಕೇಳುವವರ ದನಿಯಲ್ಲಿ ಕುಹಕವಿರುವುದಿಲ್ಲ, ಎಷ್ಟೋ ಸಲ ಅಕ್ಕರೆಯೇ ಇರುತ್ತದೆ. ಆದರೂ ಆ ‘ಈಗೀಗ’ ನನ್ನನ್ನು ಚುಚ್ಚುತ್ತದೆ.

2017ರಲ್ಲಿ ಮುಂಬೈನ ಮಾಟುಂಗಾ ನಿಲ್ದಾಣವನ್ನು ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೆ ಒಪ್ಪಿಸಿದಾಗ ಪತ್ರಿಕೆಗಳೆಲ್ಲ ಬರೆದವು. ಸ್ಟೇಷನ್ ಮ್ಯಾನೇಜರ್, ಟಿಕೆಟ್ ಕೌಂಟರ್, ತಪಾಸಣೆ, ರಕ್ಷಣಾ ದಳ ಎಲ್ಲವೂ ಅವರ ಕೈಯಲ್ಲಿ. ನನಗೂ ಹಿಗ್ಗಾಯಿತು. ಆದರೆ ಲಂಡನ್ ಸುರಂಗ ರೈಲಿನ ಮೈಡಾ ವೇಲ್ ನಿಲ್ದಾಣ 1915ರ ಜೂನ್‌ನಲ್ಲಿ ಬಾಗಿಲು ತೆರೆದದ್ದೇ ಹೀಗೆ, ಬರೀ ಮಹಿಳೆಯರಿಂದ. ಎರಡರ ನಡುವೆ 102 ವರ್ಷ. ಆ ಮೊದಲ ನಿಲ್ದಾಣವನ್ನು ನಡೆಸಿದವರು ಎಲ್ಲಿ ಹೋದರು?

ಮನೆಗೆ ಹೋದರು, ಸರಿಯಾಗಿ ಹೇಳುವುದಾದರೆ, ಕಳುಹಿಸಲಾಯಿತು. ಮೊದಲ ಮಹಾಯುದ್ಧಕ್ಕೆ ಗಂಡಸರು ಹೊರಟಾಗ ಬ್ರಿಟನ್ನಿನ ರೈಲ್ವೆ ಕಂಪನಿಗಳು ಸಾವಿರಾರು ಹೆಂಗಸರನ್ನು ಕರೆದವು. ಅವರು ಸಾಮಾನು ಹೊತ್ತರು, ಟಿಕೆಟ್ ನೋಡಿದರು, ಬೋಗಿ ತೊಳೆದರು, ಎಂಜಿನ್ನುಗಳ ಮಸಿ ಒರೆಸಿದರು. 1918ರ ಆಗಸ್ಟಿನಲ್ಲಿ ಲಂಡನ್ನಿನ ಬಸ್ಸು, ಟ್ರಾಮುಗಳ ಮಹಿಳಾ ನೌಕರರು ಗಂಡಸರಷ್ಟೇ ಯುದ್ಧಭತ್ಯೆ ಬೇಕೆಂದು ಮುಷ್ಕರ ಹೂಡಿದಾಗ ಸುರಂಗ ರೈಲಿನ ಹೆಂಗಸರೂ ಜೊತೆಗೂಡಿದರು. ಯುದ್ಧ ಮುಗಿಯಿತು, ಗಂಡಸರು ಮರಳಿದರು, ಇವರ ಕೆಲಸ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಮತ್ತೆ ಅದೇ ಕರೆ, ಆಮೇಲೆ ಬಹುಮಂದಿಗೆ ಮತ್ತೆ ಅದೇ ಬೀಳ್ಕೊಡುಗೆ.

ಎಂಜಿನ್ ಒರೆಸಿದ್ದರ ಬಗ್ಗೆ ಒಂದು ಮಾತು ಹೇಳಲೇಬೇಕು. ಉಗಿಬಂಡಿಯ ಕಾಲದಲ್ಲಿ ಡ್ರೈವರ್ ಆಗಲು ಮೆಟ್ಟಿಲುಗಳಿದ್ದವು: ಮೊದಲು ಎಂಜಿನ್ ಒರೆಸುವವನು, ಆಮೇಲೆ ಕಲ್ಲಿದ್ದಲು ತುಂಬುವ ಫೈರ್‌ಮನ್, ಅದೆಷ್ಟೋ ವರ್ಷಗಳ ಬಳಿಕ ಡ್ರೈವರ್. ಬ್ರಿಟನ್ನಿನಲ್ಲಿ ಹೆಂಗಸರನ್ನು ಮೊದಲ ಮೆಟ್ಟಿಲಿಗೆ ಬಿಟ್ಟುಕೊಂಡು ಎರಡನೆಯದಕ್ಕೆ ಬೀಗ ಹಾಕಿದರು. ಎಂಜಿನ್ನನ್ನು ಹೊರಗಿನಿಂದ ಎಷ್ಟು ಬೇಕಾದರೂ ಉಜ್ಜಬಹುದಿತ್ತು, ಒಳಗೆ ನಿಲ್ಲುವಂತಿರಲಿಲ್ಲ. ಹೀಗೆ ಮಾಡಿ, ಹೆಂಗಸರಲ್ಲಿ ಡ್ರೈವರುಗಳೇ ಇಲ್ಲ ಎಂದರೆ ಹೇಗೆ? ಲಂಡನ್ ಸುರಂಗ ರೈಲಿಗೆ ಮೊದಲ ಚಾಲಕಿ ಹನ್ನಾ ಡ್ಯಾಡ್ಸ್ ಬಂದದ್ದು 1978ರಲ್ಲಿ, ಲಿಂಗ ತಾರತಮ್ಯವನ್ನು ನಿಷೇಧಿಸುವ ಕಾನೂನು ಬಂದು ಮೂರು ವರ್ಷಗಳಾದ ಮೇಲೆ.

ರಷ್ಯದ ಕಥೆ ಇನ್ನೂ ವಿಚಿತ್ರ. ಅಲ್ಲಿ ಜಿನೈದಾ ತ್ರೋಯಿತ್ಸ್ಕಾಯಾ 1930ರ ದಶಕದಲ್ಲೇ ಉಗಿ ಎಂಜಿನ್ ಓಡಿಸಿದ್ದರು. ಮುಂದೆ, ಆರೋಗ್ಯದ ಹೆಸರಿನಲ್ಲಿ, ರೈಲು ಓಡಿಸುವುದು ಹೆಂಗಸರಿಗೆ ನಿಷಿದ್ಧವಾದ ಕೆಲಸಗಳ ಪಟ್ಟಿಗೆ ಸೇರಿತು. 2021ರ ಜನವರಿಯಲ್ಲಿ ಮಾಸ್ಕೋ ಮೆಟ್ರೋದಲ್ಲಿ ಚಾಲಕಿಯರು ಮತ್ತೆ ಕಾಣಿಸಿಕೊಂಡರು. ಸೌದಿ ಅರೇಬಿಯಾದಲ್ಲಿ 2022ರಲ್ಲಿ ಮಹಿಳಾ ಚಾಲಕರ 30 ಹುದ್ದೆಗಳಿಗೆ ಅರ್ಜಿ ಹಾಕಿದವರು ಸುಮಾರು 28,000 ಮಂದಿ. ಹೆಂಗಸರಿಗೆ ಆಸಕ್ತಿಯೇ ಇಲ್ಲ ಎನ್ನುವವರಿಗೆ ನಾನು ಈ ಸಂಖ್ಯೆಯನ್ನು ಹೇಳುತ್ತೇನೆ.

ಇನ್ನು ‘ಕೈಲಾಗುತ್ತದೆಯೇ’ ಎಂಬ ಮಾತು. ಸುರೇಖಾ ಯಾದವ್ 1989ರಲ್ಲಿ ನಮ್ಮ ರೈಲ್ವೆಗೆ ಸೇರಿ, ಸಹಾಯಕ ಚಾಲಕಿಯಾಗಿ, ಗೂಡ್ಸ್ ಗಾಡಿ ಓಡಿಸಿ, ಲೋಕಲ್ ಓಡಿಸಿ, 2011ರ ಮಾರ್ಚ್ 8ರಂದು ಪುಣೆಯಿಂದ ಮುಂಬೈಗೆ ಡೆಕ್ಕನ್ ಕ್ವೀನ್ ತಂದರು. 2023ರಲ್ಲಿ ಸೋಲಾಪುರದಿಂದ ವಂದೇ ಭಾರತ್ ತಂದರು. ಎರಡೂ ಸಲ ದಾರಿಯಲ್ಲಿ ಭೋರ್ ಘಾಟ್. ಅಲ್ಲಿ ಗಾಡಿ 37 ಮೀಟರ್ ಸಾಗುವಷ್ಟರಲ್ಲಿ ಒಂದು ಮೀಟರ್ ಇಳಿಯುತ್ತದೆ. ರೈಲಿಗೆ ಅದು ಕಡಿದಾದ ಇಳಿಜಾರು. ಬೇಕಾದದ್ದು ರಟ್ಟೆಯ ಬಲವಲ್ಲ, ಬ್ರೇಕಿನ ಲೆಕ್ಕ, ಸಿಗ್ನಲ್ ಮೇಲಿನ ಕಣ್ಣು, ಅಳುಕದ ಮನಸ್ಸು. 36 ವರ್ಷ ದುಡಿದು 2025ರಲ್ಲಿ ಅವರು ನಿವೃತ್ತರಾದರು. ರೈಲ್ವೆ ಮಂಡಳಿಯ ಅಧ್ಯಕ್ಷ ಸ್ಥಾನಕ್ಕೂ 2023ರಲ್ಲಿ ಜಯಾ ವರ್ಮಾ ಸಿನ್ಹಾ ಬಂದರು, ಮಹಿಳೆಯರಲ್ಲಿ ಮೊದಲಿಗರಾಗಿ.

ರಟ್ಟೆಬಲವೇ ಬೇಕಾದ ಕೆಲಸವೂ ಇದೆ. ಬಿಸಿಲಲ್ಲಿ ಸುತ್ತಿಗೆ, ಸ್ಪ್ಯಾನರ್ ಹೊತ್ತು ಹಳಿಯುದ್ದಕ್ಕೂ ನಡೆಯುವ ಟ್ರ್ಯಾಕ್ ಮೇಂಟೇನರ್‌ಗಳಲ್ಲಿ ಇಂದು ಹೆಂಗಸರಿದ್ದಾರೆ. ಅವರ ಚಿತ್ರ ಪತ್ರಿಕೆಯಲ್ಲಿ ಬರುವುದು ಅಪರೂಪ.

ಆದ್ದರಿಂದ, ಯಾರಾದರೂ ಕೇಳುವುದೇ ಆದರೆ ಬೇರೆಯ ಪ್ರಶ್ನೆಯನ್ನು ಕೇಳಲಿ ಎಂದು ನನ್ನ ಆಸೆ. ನಮ್ಮ ಎಂಜಿನ್ನುಗಳಲ್ಲಿ ಬಹಳ ಕಾಲ ಶೌಚಾಲಯವೇ ಇರಲಿಲ್ಲ. 2016ರಲ್ಲಿ ಜೈವಿಕ ಶೌಚಾಲಯವಿರುವ ಎಂಜಿನ್ ಬಂದಾಗ ಅದು ಸುದ್ದಿಯಾಯಿತು. ಇಂದಿಗೂ ಅದು ಎಲ್ಲ ಎಂಜಿನ್ನುಗಳಲ್ಲಿ ಇಲ್ಲ. ಗಂಡಸರಿಗೂ ಇದು ಹಿಂಸೆಯೇ. ಆದರೆ ಮುಟ್ಟಿನ ದಿನಗಳಲ್ಲಿ, ಬಸುರಿನ ಮೊದಲ ತಿಂಗಳುಗಳಲ್ಲಿ, ಗೂಡ್ಸ್ ಗಾಡಿಯೊಂದು ಬೇರೆ ಗಾಡಿಗಳಿಗೆ ದಾರಿ ಬಿಡುವ ಯಾವುದೋ ಪಕ್ಕದ ಹಳಿಯಲ್ಲಿ, ಅಂದರೆ ಲೂಪ್ ಲೈನಿನಲ್ಲಿ, ಮೂರು ತಾಸು ಸಿಗ್ನಲ್‌ಗಾಗಿ ಕಾದು ನಿಂತಾಗ ಒಳಗಿರುವ ಲೋಕೋ ಪೈಲಟ್ ಹೆಣ್ಣುಮಗಳು ಏನು ಮಾಡಬೇಕು? ಎಷ್ಟೋ ಮಂದಿ ಡ್ಯೂಟಿಗೆ ಹೊರಡುವ ಮುನ್ನ ನೀರು ಕುಡಿಯುವುದನ್ನೇ ಬಿಡುತ್ತಾರೆ.