ಮ್ಯಾಚ್‌ಗೆ ಬರ್ತೀಯೇನೇ?

ಹಾಸ್ಟೆಲಿನ ನಮ್ಮ ರೂಮಿನಲ್ಲಿ ಮೂವರಿದ್ದೆವು. ಅದರಲ್ಲಿ ಒಬ್ಬಳು ಕಾಲೇಜಿನ ವಾಲಿಬಾಲ್ ಟೀಮಿನ ಲಿಫ್ಟರ್, ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು. ಬೆಳಿಗ್ಗೆ ಐದೂವರೆಗೆ ಎದ್ದು, ನಮಗೆ ಎಚ್ಚರವಾಗದಿರಲಿ ಎಂದು ಶೂ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋಗುತ್ತಿದ್ದಳು. ನಮ್ಮ ಗ್ರೌಂಡಿನಲ್ಲಿ ಮ್ಯಾಚ್ ಇದ್ದರೆ ಹಿಂದಿನ ರಾತ್ರಿ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತಾಗ ಕೇಳುತ್ತಿದ್ದಳು: “ನಾಳೆ ಮ್ಯಾಚ್‌ಗೆ ಬರ್ತೀಯೇನೇ?” ನಾನು “ನೋಡೋಣ ಕಣೇ, ಲ್ಯಾಬ್ ರೆಕಾರ್ಡ್ ಬರೆಯೋದಿದೆ” ಅನ್ನುತ್ತಿದ್ದೆ. ಮೂರು ವರ್ಷದಲ್ಲಿ ಒಂದು ಮ್ಯಾಚಿಗೂ ಹೋಗಲಿಲ್ಲ. ಗ್ರೌಂಡ್ ದೂರವೇನೂ ಇರಲಿಲ್ಲ. ಮಹಡಿ ಮೇಲೆ ಬಟ್ಟೆ ಒಣಹಾಕುವಾಗ ಅವರ ನೆಟ್ಟು ಕಾಣಿಸುತ್ತಿತ್ತು.

ಕಾಲೇಜಿನ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಈ ವರ್ಷ ಕೇಳಿದಾಗ ಮೊದಲು ಬಂದದ್ದು ಇದೇ. ಆದರೆ ನಾನು ಕಳೆದುಕೊಂಡದ್ದು ಏನೆಂದು ನನಗೆ ತಿಳಿದದ್ದು ಇಲ್ಲಿ ಅಲ್ಲ, ಹ್ಯೂಸ್ಟನ್ನಿನಲ್ಲಿ. ಹಾಗಾಗಿ ಅಲ್ಲಿನ ಮಾತೇ ಇಲ್ಲಿ ಹೆಚ್ಚಾಗುತ್ತದೆ, ಓದುವವರು ಸಹಿಸಿಕೊಳ್ಳಬೇಕು.

2010ರ ಆಗಸ್ಟಿನಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಲೆಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿರುವ ರೈಸ್ ವಿಶ್ವವಿದ್ಯಾಲಯಕ್ಕೆ ಹೋದೆ. ಹೋಗಿ ಕೆಲವೇ ವಾರಗಳಾಗಿದ್ದವು. ಸೆಪ್ಟೆಂಬರ್ 4, ಶನಿವಾರ. ಸಾಮಾನು ತರಲು ಊರೊಳಗಿನ ರೈಲು ಹತ್ತಿದರೆ ಕಾಲಿಡಲು ಜಾಗವಿಲ್ಲ. ಎಲ್ಲರ ಮೈಮೇಲೂ ಒಂದೇ ಬಗೆಯ ಕಡು ಕಿತ್ತಳೆ ಬಣ್ಣದ ಅಂಗಿ. ಮಕ್ಕಳು, ಅಜ್ಜಂದಿರು, ಗರ್ಭಿಣಿಯರು, ಎಲ್ಲರೂ. ಜಾತ್ರೆಗೆ ಹೊರಟ ಬಸ್ಸಿನಂತಿತ್ತು. ಪಕ್ಕದಲ್ಲಿದ್ದ ಹೆಂಗಸನ್ನು ಎಲ್ಲಿಗೆ ಎಂದು ಕೇಳಿದೆ. ರಿಲಯಂಟ್ ಸ್ಟೇಡಿಯಮ್ಮಿಗೆ, ಟೆಕ್ಸಾಸ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮ್ಯಾಚಿಗೆ ಎಂದರು. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಎದುರಾಳಿ ಯಾರು ಎಂದೆ. “ರೈಸ್” ಎಂದು, “ಇದು ರೈಸ್‌ನವರ ಹೋಮ್ ಗೇಮ್” ಅಂತಲೂ ಸೇರಿಸಿದರು.

ಹೋಮ್ ಗೇಮ್ ಎಂದರೆ ನಮ್ಮ ಪತ್ರಿಕೆಗಳು ಬರೆಯುವ ತವರಿನ ಪಂದ್ಯ. ಆತಿಥೇಯರು ನಾವು. ಆದರೆ ಆಟ ನಮ್ಮ ಕ್ಯಾಂಪಸ್ಸಿನ ಸ್ಟೇಡಿಯಮ್ಮಿನಲ್ಲಿ ಅಲ್ಲ, ನಗರದ ವೃತ್ತಿಪರ ತಂಡದ ದೊಡ್ಡ ಸ್ಟೇಡಿಯಮ್ಮಿನಲ್ಲಿ. ಬಂದವರು ಬಹುಪಾಲು ಎದುರಾಳಿಯ ಕಡೆಯವರು. ಆ ಬೋಗಿಯಲ್ಲಿ ರೈಸ್‌ನ ನೀಲಿ ಅಂಗಿ ತೊಟ್ಟವರು ಒಬ್ಬರೂ ನನ್ನ ಕಣ್ಣಿಗೆ ಬೀಳಲಿಲ್ಲ. ತವರುಮನೆಯಲ್ಲೇ ಮಗಳು ನೆಂಟಳ ಹಾಗೆ ಮೂಲೆಯಲ್ಲಿ ನಿಂತಂತೆ ಅನ್ನಿಸಿತು. ಅವತ್ತು ರೈಸ್ 34-17ರಲ್ಲಿ ಸೋತಿತು.

ನಮ್ಮದೇ ಸ್ಟೇಡಿಯಮ್ ಸಣ್ಣದೇನಲ್ಲ. ಕ್ಯಾಂಪಸ್ಸಿನ ಓಕ್ ಮರಗಳ ಸಾಲು ದಾಟಿ ಪಶ್ಚಿಮಕ್ಕೆ ನಡೆದರೆ, ಎರಡೂ ಬದಿಗೆ ಕಾಂಕ್ರೀಟ್ ಕಂಬಗಳ ಮೇಲೆ ಎದ್ದು ನಿಂತ ಮೇಲಂತಸ್ತು ದೂರದಿಂದಲೇ ಕಾಣುತ್ತದೆ. 1950ರಲ್ಲಿ ಕಟ್ಟಿದ್ದು, ಆಗ 70,000 ಜನ ಕೂರಬಹುದಿತ್ತು. ಆಗ ಹ್ಯೂಸ್ಟನ್ನಿಗೆ ವೃತ್ತಿಪರ ಫುಟ್‌ಬಾಲ್ ತಂಡವೇ ಇರಲಿಲ್ಲ, ಶನಿವಾರ ಬಂತೆಂದರೆ ಊರಿನವರಿಗೆ ರೈಸ್ ಆಟವೇ ಆಟ. ಜೆಸ್ ನೀಲಿ ಎಂಬ ಕೋಚ್ 1940ರಿಂದ 1966ರವರೆಗೆ ತಂಡವನ್ನು ನಡೆಸಿದರು, ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಆ ತಂಡಕ್ಕೆ ಅಂಜುತ್ತಿದ್ದವು.

1962ರ ಸೆಪ್ಟೆಂಬರ್ 12ರಂದು ಅಧ್ಯಕ್ಷ ಕೆನಡಿ ಚಂದ್ರನಲ್ಲಿಗೆ ಹೋಗುವ ಭಾಷಣ ಮಾಡಿದ್ದು ಇದೇ ಸ್ಟೇಡಿಯಮ್ಮಿನಲ್ಲಿ. ಭೌತಶಾಸ್ತ್ರ ಓದಿದ ನಾವೆಲ್ಲ ಆ ಭಾಷಣದ ತುಣುಕು ಕೇಳಿದವರೇ. ಅದರ ನಡುವೆ ಅವರು ಕೇಳುತ್ತಾರೆ: ಚಂದ್ರನೇ ಯಾಕೆ, ಅತಿ ಎತ್ತರದ ಬೆಟ್ಟ ಯಾಕೆ ಹತ್ತಬೇಕು, ರೈಸ್ ಟೆಕ್ಸಾಸ್ ಜೊತೆ ಯಾಕೆ ಆಡುತ್ತದೆ? ಕೊನೆಯ ಪ್ರಶ್ನೆ ನಗಿಸಲು ಹೇಳಿದ್ದು, ಜನ ನಕ್ಕರೂ ನಕ್ಕರು. ನನಗೆ ಮಾತ್ರ ಮುಂದಿನ ಸಂಗತಿ ಹೆಚ್ಚು ಇಷ್ಟ. ಮರು ತಿಂಗಳು, ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಟೆಕ್ಸಾಸ್ ಅದೇ ಮೈದಾನಕ್ಕೆ ಬಂದಾಗ ರೈಸ್ ಹುಡುಗರು 14-14ಕ್ಕೆ ಸಮ ಮಾಡಿ ಕಳಿಸಿದರು.

1974ರ ಜನವರಿಯಲ್ಲಿ ವೃತ್ತಿಪರ ಫುಟ್‌ಬಾಲಿನ ಫೈನಲ್ ಸೂಪರ್ ಬೌಲ್ ಸಹ ಇಲ್ಲೇ ನಡೆಯಿತು, 71,882 ಜನ ಬಂದಿದ್ದರು. ನಾನು ಹೋಗುವ ಹೊತ್ತಿಗೆ ಆ ಕಾಲ ಎಂದೋ ಮುಗಿದಿತ್ತು. 2006ರಲ್ಲಿ ಮೈದಾನದ ಎರಡು ತುದಿಯ ಸಾಲುಗಳ ಮೇಲೆ ಟಾರ್ಪಾಲು ಎಳೆದು, ಆಸನಗಳನ್ನು 47,000ಕ್ಕೆ ಇಳಿಸಿದ್ದರು. ಅಷ್ಟೂ ತುಂಬುತ್ತಿರಲಿಲ್ಲ.

ಜನ ಯಾಕೆ ಬರುತ್ತಿರಲಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಮೊದಲನೆಯದು ಲೆಕ್ಕವೇ. ಪದವಿ ಓದುವವರು ನಾಲ್ಕು ಸಾವಿರದ ಆಸುಪಾಸು. ಒಬ್ಬರೂ ಬಿಡದೆ ಬಂದರೂ ಹತ್ತರಲ್ಲಿ ಒಂಬತ್ತು ಆಸನ ಖಾಲಿ. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದ ಸ್ಟೇಡಿಯಮ್ ಲಕ್ಷ ಜನರನ್ನು ಹಿಡಿಸುತ್ತದೆ, ಅಲ್ಲಿ ಓದಿದವರು ಆ ರಾಜ್ಯದ ಊರೂರಿನಲ್ಲಿದ್ದಾರೆ. ರೈಸ್‌ನಲ್ಲಿ ಓದಿದವರು ಎಲ್ಲೆಲ್ಲೋ ಚದುರಿಹೋಗಿರುತ್ತಾರೆ. ಎರಡನೆಯದು 1996. ಟೆಕ್ಸಾಸಿನ ಹಳೆಯ ತಂಡಗಳೆಲ್ಲ ಸೇರಿ ಆಡುತ್ತಿದ್ದ ಸೌತ್‌ವೆಸ್ಟ್ ಕಾನ್ಫರೆನ್ಸ್ ಎಂಬ ಕೂಟ ಆ ವರ್ಷ ಒಡೆಯಿತು. ದೊಡ್ಡವರು ಒಂದು ಕಡೆ ಹೋದರು, ರೈಸ್ ಹೊರಗುಳಿಯಿತು. ಅಕ್ಕಪಕ್ಕದ ಊರಿನ ವೈರಿ ಹೋಗಿ ಗೊತ್ತಿಲ್ಲದ ದೂರದೂರಿನ ತಂಡ ಬಂದರೆ ಜಗಳಕ್ಕಾದರೂ ಯಾರು ಬರುತ್ತಾರೆ? ಇನ್ನು ವೃತ್ತಿಪರ ತಂಡ ಇದೆ, ಟಿವಿ ಇದೆ, ಸೆಪ್ಟೆಂಬರಿನಲ್ಲೂ ಬೆನ್ನು ಸುಡುವ ಸೆಕೆ ಇದೆ.

ಹೀಗೆಲ್ಲ ಕಾರಣ ಗೊತ್ತಿದ್ದೂ ನಾನೇ ಮೊದಲ ವರ್ಷ ಒಂದು ಆಟಕ್ಕೂ ಹೋಗಲಿಲ್ಲ. ವಿದ್ಯಾರ್ಥಿಗಳಿಗೆ ಆಗ ಟಿಕೆಟ್ ಬೇಕಿರಲಿಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕಿತ್ತು. ಆದರೂ ರೆಕಾರ್ಡ್ ಬರೆಯುವ ಆ ಹಳೆಯ ಹುಡುಗಿಯೇ ನನ್ನೊಳಗೆ ಇದ್ದಳು.

ಎರಡನೆಯ ವರ್ಷ ನಾನು ಮೆಕ್ಯಾನಿಕ್ಸ್ ಲ್ಯಾಬಿಗೆ ಸಹಾಯಕಿ. ಒಂದು ಬ್ಯಾಚಿನಲ್ಲಿ ಫುಟ್‌ಬಾಲ್ ತಂಡದ ಹುಡುಗನಿದ್ದ. ಬೆಂಚಿನ ಮೇಲೇ ಹೆಚ್ಚು ಹೊತ್ತು ಕೂರುವವನು, ಪಂಟ್ ಹೊಡೆಯುವಾಗ ಮಾತ್ರ ಮೈದಾನಕ್ಕೆ ಇಳಿಯುತ್ತಿದ್ದ. ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಮುಂದೆ ಸಾಗಲು ಆಗದಾಗ ಚೆಂಡನ್ನು ಎದುರಾಳಿಯ ಕಡೆ ದೂರಕ್ಕೆ ಒದ್ದುಬಿಡುತ್ತಾರೆ, ಅದೇ ಪಂಟ್. ಚೆಂಡು ಆಕಾಶದಲ್ಲಿ ಇರುವಷ್ಟರಲ್ಲಿ ಇವನು ಮೈದಾನದುದ್ದ ಓಡಿ, ಅದನ್ನು ಹಿಡಿಯುವವನ ಮುಂದೆ ಹೋಗಿ ನಿಲ್ಲಬೇಕು. ಉತ್ಕ್ಷೇಪಿತ ಚಲನೆಯ ಪ್ರಯೋಗದ ದಿನ ಅವನೇ ಕೇಳಿದ, ಚೆಂಡು ನಾಲ್ಕೂವರೆ ಸೆಕೆಂಡ್ ಮೇಲಿದ್ದರೆ ಎಷ್ಟು ಎತ್ತರಕ್ಕೆ ಹೋಗಿರುತ್ತದೆ ಎಂದು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದೆವು. ಸುಮಾರು 25 ಮೀಟರ್. ಅವನು ಸ್ವಲ್ಪ ಹೊತ್ತು ಆ ಸಂಖ್ಯೆಯನ್ನೇ ನೋಡಿದ. “ನನ್ನ ಓಟಕ್ಕೆ ಸಿಗುವ ಸಮಯ ಇಷ್ಟೇ” ಅಂದ. ಆಮೇಲೆ ಚೀಲ ಹೆಗಲಿಗೇರಿಸುತ್ತಾ, “ನೀವು ಯಾವತ್ತಾದರೂ ಆಟಕ್ಕೆ ಬಂದಿದ್ದೀರಾ?” ಎಂದು ಕೇಳಿದ.

ಇಲ್ಲ ಅನ್ನುವಾಗ ನನಗೆ ಮೆಸ್ಸಿನ ಆ ಸಾಲು ನೆನಪಾಯಿತು, ತಟ್ಟೆ ಹಿಡಿದು ನಿಂತ ಗೆಳತಿಯ ಮುಖ ನೆನಪಾಯಿತು.

ಆ ಶನಿವಾರ ಹೋದೆ. ಊರಿನಿಂದ ತಂದಿದ್ದ ಹಳದಿ ಚೂಡಿದಾರ್ ತೊಟ್ಟಿದ್ದೆ, ಬೇರೆ ಬಟ್ಟೆ ಒಗೆದು ಹಾಕಿದ್ದೆನಾದ್ದರಿಂದ. ಒಳಗೆ ಕಾಲಿಟ್ಟಾಗ ಮೊದಲು ಗಮನಕ್ಕೆ ಬಂದದ್ದು ಶಬ್ದ. ತುಂಬಿದ ಸ್ಟೇಡಿಯಮ್ಮಿನಲ್ಲಿ ಕೇಳಿಸದ ಎಲ್ಲವೂ ಅಲ್ಲಿ ಕೇಳಿಸುತ್ತಿತ್ತು. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ತನ್ನವರಿಗೆ ಕೂಗಿ ಹೇಳುವ ಸಂಖ್ಯೆಗಳು, ಹೆಲ್ಮೆಟ್ಟಿಗೆ ಹೆಲ್ಮೆಟ್ ತಾಗಿದರೆ ತೆಂಗಿನಕಾಯಿ ಒಡೆದಂಥ ಸದ್ದು, ಗಾಳಿ ಬೀಸಿದಾಗ ತುದಿಯ ಟಾರ್ಪಾಲು ಪಟಪಟ ಹೊಡೆದುಕೊಳ್ಳುವುದು. ರೆಫರಿ ಸೀಟಿ ಊದಿದರೆ ಎದುರಿನ ಖಾಲಿ ಮೇಲಂತಸ್ತಿಗೆ ತಾಗಿ ಇನ್ನೊಮ್ಮೆ ಬರುತ್ತಿತ್ತು. ನನ್ನ ಮುಂದಿನ ಸಾಲಿನಲ್ಲಿ ವಯಸ್ಸಾದವರೊಬ್ಬರು ಕಿವಿಗೆ ರೇಡಿಯೊ ಹಚ್ಚಿಕೊಂಡು, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು, ಆಟದ ಪ್ರತಿ ನಡೆಯನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಪಕ್ಕದ ಸೀಟಿನ ಮೇಲೆ ಹೆಂಗಸರ ನೀಲಿ ಸ್ವೆಟರ್ ಒಂದು ಮಡಚಿ ಇಟ್ಟಿತ್ತು. ಆಟ ಮುಗಿಯುವವರೆಗೂ ಅಲ್ಲಿ ಯಾರೂ ಬಂದು ಕೂರಲಿಲ್ಲ. ನಾನು ಕೇಳಲೂ ಇಲ್ಲ.

ಹಾಫ್‌ಟೈಮಿನಲ್ಲಿ ರೈಸ್‌ನ ಬ್ಯಾಂಡ್ ಬಂತು. ಮಾರ್ಚಿಂಗ್ ಔಲ್ ಬ್ಯಾಂಡ್ ಎಂದು ಹೆಸರು, ಆದರೆ ಅವರು ಸಾಲಾಗಿ ಹೆಜ್ಜೆ ಹಾಕುವುದಿಲ್ಲ. ಒಂದು ಆಕಾರದಿಂದ ಇನ್ನೊಂದಕ್ಕೆ ದಿಕ್ಕಾಪಾಲಾಗಿ ಓಡಿ ಸೇರಿಕೊಳ್ಳುತ್ತಾರೆ, ಎದುರಾಳಿಯನ್ನು ಕಿಚಾಯಿಸುತ್ತಾರೆ. 1973ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಎಂಬ ಇನ್ನೊಂದು ವಿಶ್ವವಿದ್ಯಾಲಯವನ್ನು ಹೀಗೇ ಅಣಕಿಸಿ, ಸಿಟ್ಟಾದ ಜನ ಸುತ್ತುವರಿದಾಗ ಊಟ ಸಾಗಿಸುವ ಟ್ರಕ್ಕುಗಳಲ್ಲಿ ಬ್ಯಾಂಡಿನವರನ್ನು ಹೊರಗೆ ಸಾಗಿಸಬೇಕಾಯಿತಂತೆ. ಈಗ ಸಿಟ್ಟಾಗಲೂ ಅಷ್ಟು ಜನವಿಲ್ಲ. ಆದರೆ ಆ ಮಕ್ಕಳು 70,000 ಜನ ನೋಡುತ್ತಿದ್ದಾರೆ ಎಂಬಷ್ಟೇ ಶ್ರದ್ಧೆಯಿಂದ ಊದಿದರು. ನನ್ನ ಕಣ್ಣು ತುಂಬಿತು.

ನಮ್ಮ ಲ್ಯಾಬಿನ ಹುಡುಗ ಆ ದಿನ ಮೈದಾನಕ್ಕೆ ಇಳಿದದ್ದು ನಾಲ್ಕೇ ಸಲ. ನಾಲ್ಕು ಸಲವೂ ನಾನು ಎದ್ದು ನಿಂತೆ.

ಸೋಮವಾರ ಲ್ಯಾಬಿಗೆ ಬಂದವನೇ ಹೇಳಿದ: “ಬಂದಿದ್ದಿರಿ. ಹಳದಿ ಬಟ್ಟೆ, ಇಪ್ಪತ್ತು ಸಾಲು ಮೇಲೆ, ರೇಡಿಯೊ ಅಜ್ಜನ ಹಿಂದೆ.”

ಹೇಗೆ ಕಂಡಿತು ಎಂದೆ. “ಬಂದವರೆಲ್ಲ ಕಾಣುತ್ತಾರೆ” ಅಂದ. “ನಾವು ಬೆಂಚಿನಲ್ಲಿ ಕೂತವರು ನೋಡುತ್ತಲೇ ಇರುತ್ತೇವೆ.”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನಾವು ನೋಡಲು ಹೋಗುತ್ತೇವೆ, ಅವರು ಆಡುತ್ತಾರೆ, ಅಷ್ಟೇ ಎಂದುಕೊಂಡಿದ್ದೆ. ಅವರೂ ನಮ್ಮನ್ನು ನೋಡುತ್ತಾರೆ, ಯಾರು ಬಂದರು ಯಾರು ಬರಲಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಆಮೇಲೆ ಊರಲ್ಲಿದ್ದರೆ ತವರಿನ ಆಟ ತಪ್ಪಿಸಲಿಲ್ಲ. ಹ್ಯೂಸ್ಟನ್ನಿನ ಕನ್ನಡದ ಗೆಳೆಯರನ್ನೂ ಕೆಲವು ಸಲ ಎಳೆದುಕೊಂಡು ಹೋದೆ. ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು, ಸ್ಟೇಡಿಯಮ್ಮಿನ ಹೊರಗೆ ಕಾರಿನ ಡಿಕ್ಕಿ ತೆರೆದಿಟ್ಟು ತಿನ್ನುತ್ತಿದ್ದೆವು. ಅಲ್ಲಿ ಎಲ್ಲರೂ ಹಾಗೇ ಮಾಡುವುದು.

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಪ್ರೇಕ್ಷಕರ ಸಂಖ್ಯೆ ಒಂದು ದೊಡ್ಡ ವಿಷಯ. ನಾನಿದ್ದ ಕಾಲದಲ್ಲಿ, ಮೇಲಿನ ದರ್ಜೆಯಲ್ಲಿ ಉಳಿಯಬೇಕಾದರೆ ತವರಿನ ಆಟಗಳಿಗೆ ಸರಾಸರಿ 15,000 ಜನ ಇರಬೇಕೆಂಬ ನಿಯಮವಿತ್ತು, ಎರಡು ವರ್ಷದಲ್ಲಿ ಒಮ್ಮೆಯಾದರೂ. ಮಾರಿದ ಟಿಕೆಟ್ ಲೆಕ್ಕ ಹಾಕಿದರೂ ನಡೆಯುತ್ತಿತ್ತು. ಹೀಗಾಗಿ ಪ್ರಕಟಿಸುವ ಸಂಖ್ಯೆಗೂ ನಿಜವಾಗಿ ಗೇಟು ದಾಟಿದವರಿಗೂ ದೇಶದಾದ್ಯಂತ ತಾಳೆಯಾಗುತ್ತಿರಲಿಲ್ಲ. 2018ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ವಿಶ್ವವಿದ್ಯಾಲಯಗಳಿಂದ ದಾಖಲೆ ಪಡೆದು ಬರೆಯಿತು: ಹೇಳಿದ ಸಂಖ್ಯೆಯಲ್ಲಿ ಗೇಟಿನಲ್ಲಿ ಸ್ಕ್ಯಾನ್ ಆಗುವುದು ಸರಾಸರಿ ಶೇಕಡಾ 71. ಅದನ್ನು ಓದಿದಾಗ ನನಗೆ ಬೆಂಚಿನಲ್ಲಿ ಕೂತವರೇ ನೆನಪಾದರು. ಅವರ ಎಣಿಕೆ ತಪ್ಪುತ್ತಿರಲಿಲ್ಲ.

2013ರ ಡಿಸೆಂಬರ್ 7ರಂದು ರೈಸ್ ಮಾರ್ಷಲ್ ತಂಡವನ್ನು 41-24ರಲ್ಲಿ ಸೋಲಿಸಿ, ಆಗ ತಾನಿದ್ದ ಕಾನ್ಫರೆನ್ಸಿನ ಪಟ್ಟ ಗೆದ್ದಿತು. ಯಾರೊಂದಿಗೂ ಹಂಚಿಕೊಳ್ಳದೆ ಪಟ್ಟ ಗೆದ್ದದ್ದು 1957ರ ನಂತರ ಅದೇ ಮೊದಲು. ಆಟ ನಮ್ಮ ಸ್ಟೇಡಿಯಮ್ಮಿನಲ್ಲೇ. ಚಳಿಗೆ ಎರಡು ಸ್ವೆಟರ್ ಹಾಕಿಕೊಂಡು ಹೋಗಿದ್ದೆ. ಮೇಲಿನ ಸಾಲುಗಳು ಅವತ್ತೂ ತುಂಬಲಿಲ್ಲ, ಆದರೆ ಕೆಳಗಿದ್ದವರು ಕೂರಲೂ ಇಲ್ಲ. ಐವತ್ತಾರು ವರ್ಷ ಕಾದವರು ಕೆಲವರಾದರೂ ಅಲ್ಲಿದ್ದಿರಬೇಕು. ನೋಟ್‌ಬುಕ್ಕಿನ ಅಜ್ಜ ಇದ್ದರು. ಕೊನೆಯ ಸೀಟಿ ಆದ ಮೇಲೂ ಅವರು ಬರೆಯುತ್ತಲೇ ಇದ್ದರು.

ಆ ರಾತ್ರಿ, ಇಲ್ಲಿ ಬೆಳಗಾಗುವ ಹೊತ್ತಿಗೆ, ಗೆಳತಿಗೆ ಫೋನ್ ಮಾಡಿದೆ. ಅವಳು ಅಷ್ಟರಲ್ಲಿ ಹೈಸ್ಕೂಲಿನ ಪಿ.ಟಿ. ಟೀಚರ್. ಫುಟ್‌ಬಾಲಿನ ಕತೆಯನ್ನೆಲ್ಲ ಹೇಳಿ, ನಿನ್ನ ಒಂದು ಮ್ಯಾಚಿಗೂ ಬರಲಿಲ್ಲ ಕಣೇ, ತಪ್ಪಾಯ್ತು ಎಂದೆ. ಅವಳು ತಕ್ಷಣ ಏನೂ ಹೇಳಲಿಲ್ಲ. ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ ಅಂದಳು: “ನಾನು ಸರ್ವ್ ಮಾಡೋಕೆ ಹಿಂದಕ್ಕೆ ಹೋದಾಗಲೆಲ್ಲ ಮಹಡಿ ಕಡೆ ನೋಡ್ತಿದ್ದೆ. ಬಟ್ಟೆ ಒಣಹಾಕೋಕೆ ಬರ್ತಿದ್ದೆಯಲ್ಲ, ಒಂದೊಂದು ಸಲ ನಿಂತು ನೋಡ್ತಿದ್ದೆ ನೀನು. ಅದನ್ನೇ ಲೆಕ್ಕಕ್ಕೆ ಇಟ್ಕೊಂಡಿದ್ದೀನಿ, ಬಿಡು.”

ಕಳೆದ ಚಳಿಗಾಲದಲ್ಲಿ ಊರಿಗೆ ಬಂದಾಗ ಇಬ್ಬರೂ ಕಾಲೇಜಿಗೆ ಹೋದೆವು. ಅಂತರ ಕಾಲೇಜು ವಾಲಿಬಾಲ್ ನಡೆಯುತ್ತಿತ್ತು. ಗ್ರೌಂಡಿನ ಕಲ್ಲು ಮೆಟ್ಟಿಲ ಮೇಲೆ ಕೂತೆವು. ನಮ್ಮನ್ನೂ ಸೇರಿಸಿ ಹದಿಮೂರು ಜನ, ಅದರಲ್ಲಿ ಇಬ್ಬರು ನೀರಿನ ಕ್ಯಾನ್ ಹೊತ್ತು ತಂದವರು. ನಮ್ಮ ಲಿಫ್ಟರ್ ಹುಡುಗಿ ಕುಳ್ಳಗೆ, ಚುರುಕಾಗಿದ್ದಳು. ಅವಳು ಚೆಂಡು ಎತ್ತಿಕೊಟ್ಟಾಗಲೆಲ್ಲ ಗೆಳತಿಯ ಬೆರಳುಗಳು ಮಡಿಲಲ್ಲೇ ಅಲುಗುತ್ತಿದ್ದವು. ಒಮ್ಮೆ ಚೆಂಡು ಹೊರಗೆ ಹೋಗಿ ನಮ್ಮ ಕಾಲ ಬಳಿ ಬಂತು. ತೆಗೆದುಕೊಳ್ಳಲು ಓಡಿ ಬಂದ ಆ ಹುಡುಗಿ ನಮ್ಮಿಬ್ಬರನ್ನೂ ನೋಡಿ, ಏದುಸಿರಿನಲ್ಲೇ ಕೇಳಿದಳು:

“ನೀವು ಯಾವ ಕಾಲೇಜಿನ ಕಡೆಯವರು ಮೇಡಂ?”

“ಇದೇ ಕಾಲೇಜು ಕಣಮ್ಮ” ಅಂದಳು ಗೆಳತಿ, ಚೆಂಡು ಅವಳ ಕೈಗೆ ಕೊಡುತ್ತಾ.