ಹ್ಯಾರಿ ಪಾರ್ಕರ್ ಎಂಬ ಕೋಚ್

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ರೋಯಿಂಗ್ (ಹುಟ್ಟು ಹಾಕಿ ದೋಣಿ ಓಡಿಸುವ ಕ್ರೀಡೆ) ಕೋಚ್ ಆಗಿದ್ದ ಹ್ಯಾರಿ ಪಾರ್ಕರ್ ಅವರ ಮಾತು ಬಂದಾಗಲೆಲ್ಲ ಬಲ್ಲವರು ಮೊದಲು ನೆನೆಯುವುದು ಯೇಲ್ ವಿಶ್ವವಿದ್ಯಾಲಯದ ವಿರುದ್ಧದ ನಾಲ್ಕು ಮೈಲಿಯ ವಾರ್ಷಿಕ ಸ್ಪರ್ಧೆಯಲ್ಲಿ 1963ರಿಂದ 1980ರವರೆಗೆ ಅವರ ತಂಡ ಒಮ್ಮೆಯೂ ಸೋಲದೆ ಗಳಿಸಿದ 18 ಗೆಲುವುಗಳನ್ನು. ಅದು ಸಾಮಾನ್ಯ ಸಾಧನೆಯಲ್ಲ. ಆದರೂ, ಕಲಿಸುವ ಹುದ್ದೆಗೆ ಬಂದ ಮೇಲೆ ಕೂಡ ಅವರು ಕಲಿಯುವುದನ್ನು ಬಿಡಲಿಲ್ಲ ಎಂಬುದೇ ನನಗೆ ಆ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಪಾರ್ಕರ್ ರೋಯಿಂಗ್ ಕಲಿತದ್ದು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ, ಜೋ ಬರ್ಕ್ ಅವರ ಕೈಕೆಳಗೆ, ಓದಿದ್ದು ತತ್ವಶಾಸ್ತ್ರ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ನಡೆಸುವ ದೋಣಿಯ ಸ್ಪರ್ಧೆಯಲ್ಲಿ ಅವರಿಗೆ ಐದನೆಯ ಸ್ಥಾನ ಸಿಕ್ಕಿತು. ಅದೇ ಕೂಟದಲ್ಲಿ ಎಂಟು ಜನರ ದೋಣಿಯ ಚಿನ್ನವನ್ನು ಗೆದ್ದ ಜರ್ಮನ್ ತಂಡವನ್ನು ರೂಪಿಸಿದ್ದ ಕಾರ್ಲ್ ಆಡಂ ಒಬ್ಬ ಶಾಲಾ ಮೇಷ್ಟ್ರು. ಸ್ವತಃ ರೋಯಿಂಗ್ ಪಟುವಾಗಿ ಬೆಳೆದವರಲ್ಲ. ಅವರ ತರಬೇತಿ ಕ್ರಮವನ್ನು ಪಾರ್ಕರ್ ಶ್ರದ್ಧೆಯಿಂದ ಅಭ್ಯಾಸ ಮಾಡಿ, 1963ರಲ್ಲಿ ಹಾರ್ವರ್ಡ್‌ನ ಹಿಂದಿನ ಕೋಚ್ ಹಠಾತ್ತನೆ ತೀರಿಕೊಂಡಾಗ 27ನೆಯ ವಯಸ್ಸಿಗೇ ತಮ್ಮ ಹೆಗಲೇರಿದ ತಂಡದಲ್ಲಿ ಅಳವಡಿಸಿದರು.

ಪಾರ್ಕರ್ ಮಿತಭಾಷಿ. ದೋಣಿಯಲ್ಲಿ ಯಾರು ಕೂರಬೇಕೆಂಬುದನ್ನು ಅವರು ತಮ್ಮ ಅಭಿಪ್ರಾಯಕ್ಕಿಂತ ಹೆಚ್ಚಾಗಿ ನೀರಿಗೇ ಬಿಡುತ್ತಿದ್ದರು. ನಾಲ್ವರ ಎರಡು ದೋಣಿಗಳನ್ನು ಅಕ್ಕಪಕ್ಕ ಓಡಿಸಿ ಅಂತರ ಗುರುತಿಸಿಕೊಳ್ಳುವುದು, ಬಳಿಕ ಅದರಿಂದೊಬ್ಬನನ್ನು ಇದಕ್ಕೂ ಇದರಿಂದೊಬ್ಬನನ್ನು ಅದಕ್ಕೂ ಬದಲಿಸಿ ಮತ್ತೆ ಓಡಿಸುವುದು. ಅಂತರ ಎಷ್ಟು ಬದಲಾಯಿತೋ ಅದೇ ಆ ಇಬ್ಬರ ನಡುವಿನ ವ್ಯತ್ಯಾಸ. ತೋಳ್ಬಲ ಹೆಚ್ಚಿದ್ದವನೇ ಇದರಲ್ಲಿ ಗೆಲ್ಲಬೇಕೆಂದೇನೂ ಇಲ್ಲ, ಏಕೆಂದರೆ ಹುಟ್ಟನ್ನು ನೀರಿನಿಂದೆತ್ತಿ, ಜಾರುವ ಆಸನದ ಮೇಲೆ ಮರಳಿ ಸರಿಯುವಾಗ ಅವಸರಪಟ್ಟವನು ಎಷ್ಟೇ ಬಲಶಾಲಿಯಾಗಿದ್ದರೂ ತನ್ನ ಮೈಭಾರದಿಂದಲೇ ದೋಣಿಯ ಓಟಕ್ಕೆ ತಡೆಯೊಡ್ಡುತ್ತಾನೆ. ತನಗೇಕೆ ಜಾಗ ಸಿಗಲಿಲ್ಲ ಎಂದು ಕೇಳುವ ಹುಡುಗನಿಗೆ ಇದಕ್ಕಿಂತ ನ್ಯಾಯವಾದ ಉತ್ತರವನ್ನು ನಾನು ಬೇರೆ ಆಟಗಳಲ್ಲಿ ಕಂಡಿಲ್ಲ.

1968ರ ಒಲಿಂಪಿಕ್ಸ್‌ಗೆ ಅಮೆರಿಕದ ದೋಣಿಯನ್ನು ಆರಿಸುವ ಸ್ಪರ್ಧೆಯಲ್ಲಿ ಹಾರ್ವರ್ಡ್‌ಗೆ ಎದುರಾದದ್ದು ಪೆನ್ಸಿಲ್ವೇನಿಯ, ಅಂದರೆ ಗುರು ಬರ್ಕ್ ಅವರದೇ ತಂಡ. 2,000 ಮೀಟರ್ ಓಡಿದ ಮೇಲೆ ಶಿಷ್ಯನ ತಂಡ ಮುಂದಿದ್ದದ್ದು ಸೆಕೆಂಡಿನ ನೂರರಲ್ಲಿ ಐದು ಭಾಗದಷ್ಟು ಮಾತ್ರ. ಆದರೆ ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಹೆಚ್ಚು ಎತ್ತರದ ಮೆಕ್ಸಿಕೊ ನಗರದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಹಾರ್ವರ್ಡ್ ಆರನೆಯ ಸ್ಥಾನಕ್ಕೆ ಇಳಿಯಿತು. ನಾಲ್ಕು ವರ್ಷಗಳ ನಂತರ ಮ್ಯೂನಿಕ್‌ನಲ್ಲಿ ಪಾರ್ಕರ್ ತರಬೇತಿಯ ಅಮೆರಿಕದ ಎಂಟು ಜನರ ದೋಣಿ ಬೆಳ್ಳಿ ಗೆದ್ದಿತು.

ಯೇಲ್ ಎದುರಿನ ಸರಣಿ 1981ರಲ್ಲಿ ಮುರಿಯಿತು. ಪಾರ್ಕರ್ ಕೆಲಸ ಬಿಡಲಿಲ್ಲ. 2013ರ ಜೂನ್‌ನಲ್ಲಿ, 77ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅವರೇ ಕೋಚ್.

ಅವರ ವೃತ್ತಿಜೀವನದಲ್ಲಿ ಒಂದೇ ಒಂದು ವರ್ಷವನ್ನು ಆರಿಸಿಕೊಳ್ಳಬೇಕಾದರೆ ನಾನು 1976 ಎನ್ನುತ್ತೇನೆ. ಮಹಿಳೆಯರ ರೋಯಿಂಗ್ ಒಲಿಂಪಿಕ್ಸ್‌ಗೆ ಮೊದಲ ಬಾರಿ ಸೇರಿದ ಆ ವರ್ಷ, ಗಂಡಸರ ತಂಡಗಳಿಂದಲೇ ಹೆಸರು ಮಾಡಿದ್ದ ಪಾರ್ಕರ್ ಅಮೆರಿಕದ ಮಹಿಳೆಯರ ಎಂಟರ ದೋಣಿಯನ್ನು ಸಿದ್ಧಪಡಿಸಿದರು. ಮಾಂಟ್ರಿಯಲ್‌ನಲ್ಲಿ ಅದು ಕಂಚು ಗೆದ್ದಿತು. ಆ ದೋಣಿಯಲ್ಲಿದ್ದ ಕ್ಯಾರಿ ಗ್ರೇವ್ಸ್ ಮುಂದೆ ಹಾರ್ವರ್ಡ್‌ನ ಮಹಿಳಾ ತಂಡಕ್ಕೇ ಕೋಚ್ ಆದರು. 1984ರಲ್ಲಿ ಒಲಿಂಪಿಕ್ ಚಿನ್ನವನ್ನೂ ಗೆದ್ದರು.