ತುಳುಕದ ಕೊಡ

ಗೆಳೆಯರು ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟಕ್ಕೆ ನಾನು ಬರೆದ ಮೊದಲ ಗಾದೆ ಪಜಲ್ ಮೂರು ಸೆಕೆಂಡಿನಲ್ಲಿ ಮುಗಿದುಹೋಯಿತು. ಪಾಳುಬಿದ್ದ ಕೋಟೆ, ಅದರ ನೆಲಮಾಳಿಗೆ, ಅಲ್ಲೊಂದು ಕಲ್ಲಿನ ಬಾಗಿಲು. ಬಾಗಿಲ ಮೇಲೆ ಅರ್ಧ ಸಾಲು ಕೆತ್ತಿದೆ: ‘ಮಾತು ಆಡಿದರೆ ಹೋಯಿತು’. ಉಳಿದರ್ಧ ಹೇಳಿದವರಿಗೆ ಬಾಗಿಲು ತೆರೆಯುತ್ತದೆ. ಆ ಕೋಣೆಗೆಂದೇ ಮುಕ್ಕಾಲು ಗಂಟೆ ಮೀಸಲಿಟ್ಟಿದ್ದೆ. ಗೋಡೆಯ ಚಿತ್ರಗಳು, ನೆಲದ ಮೇಲೆ ಚೆಲ್ಲಿದ ಮುತ್ತಿನ ಸರ, ನಾಲಿಗೆ ಕಳೆದುಕೊಂಡ ಕಾವಲುಗಾರನ ಕಥೆ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೆ. ನಾನು ವರ್ಣನೆ ಮುಗಿಸುವ ಮೊದಲೇ ಕಳ್ಳಿಯ ಪಾತ್ರ ಆಡುವ ಗೆಳತಿ ‘ಮುತ್ತು ಒಡೆದರೆ ಹೋಯಿತು’ ಅಂದಳು. ಬಾಗಿಲು ತೆರೆಯಿತು. ಚಿತ್ರಗಳನ್ನು ಯಾರೂ ನೋಡಲಿಲ್ಲ.

ಅದೇ ಬಾಗಿಲನ್ನು ಆಮೇಲೆ ಇನ್ನೊಂದು ಗುಂಪಿನ ಮುಂದಿಟ್ಟೆ. ಅಲ್ಲಿ ಒಬ್ಬ ಗೆಳೆಯ ಮನೆಯಲ್ಲಿ ಬೇರೆ ಭಾಷೆ ಮಾತಾಡಿಕೊಂಡು ಬೆಳೆದವನು. ಕನ್ನಡ ಸೊಗಸಾಗಿ ಬರುತ್ತದೆ, ಗಾದೆಗಳು ಮಾತ್ರ ಕಿವಿಗೆ ಬಿದ್ದಿಲ್ಲ. ಅವನ ಪಾತ್ರವೋ ಎಂಬತ್ತು ವರ್ಷದ ಋಷಿ, ಲೋಕದ ಶಾಸನಗಳನ್ನೆಲ್ಲ ಓದಿದವನು. ಗುಂಪು ಚದುರಿ ಬಾಗಿಲ ಮುಂದೆ ಅವನೊಬ್ಬನೇ ಉಳಿದ. ‘ನನ್ನ ಋಷಿಗೆ ಇದು ಗೊತ್ತಿರುತ್ತೆ, ನನಗೆ ಗೊತ್ತಿಲ್ಲ’ ಅಂತ ಮೆಲ್ಲಗೆ ಹೇಳಿದ. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಒಬ್ಬಳಿಗೆ ತೀರಾ ಸಲೀಸಾದದ್ದೂ ಇನ್ನೊಬ್ಬನಿಗೆ ಗೋಡೆಯಾದದ್ದೂ ಒಂದೇ ತಪ್ಪಿನಿಂದ. ನಾನು ಗಾದೆಯನ್ನು ಪಾಸ್‌ವರ್ಡ್ ಮಾಡಿಬಿಟ್ಟಿದ್ದೆ.

1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗಿನಿಂದ ಈ ಆಟಗಳ ಉಸಿರು ಒಂದೇ. ಆಟ ನಡೆಸುವ ಗೇಮ್ ಮಾಸ್ಟರ್ ಸನ್ನಿವೇಶ ಹೇಳುತ್ತಾನೆ, ಆಟಗಾರ ‘ನಾನು ಹೀಗೆ ಮಾಡ್ತೀನಿ’ ಅನ್ನುತ್ತಾನೆ. ಮಾಡುವುದೇ ಆಟ. ಒಗಟಿಗೆ ಉತ್ತರ ಹೇಳಬೇಕು, ಸರಿ. ಆದರೆ ಗಾದೆ ಏನನ್ನೂ ಕೇಳುವುದಿಲ್ಲ. ಲೋಕ ಹೀಗೆ ನಡೆಯುತ್ತದೆ ಎಂದು ಹೇಳಿ ಸುಮ್ಮನಾಗುತ್ತದೆ. ಹಾಗಾದರೆ ನಾನು ಕಟ್ಟುವ ಕೋಣೆಯೋ ಕಾಡೋ ಊರೋ ಆ ಗಾದೆಯ ಪ್ರಕಾರವೇ ನಡೆಯಲಿ, ಗಾದೆಯನ್ನು ಎಲ್ಲೂ ಕೆತ್ತುವುದು ಬೇಡ ಎಂದು ನಿರ್ಧರಿಸಿದೆ. ಗಾದೆ ಗೊತ್ತಿಲ್ಲದವನೂ ಕಣ್ಣು ಬಿಟ್ಟು ನೋಡಿದರೆ ದಾರಿ ಸಿಗಬೇಕು.

ಹಾಗೆ ಹುಟ್ಟಿದ್ದು ಏಳು ಕೊಡಗಳ ಕೋಣೆ. ಒಂದೇ ಎತ್ತರದ, ಒಂದೇ ಹೊಳಪಿನ ಏಳು ಕೊಡಗಳು. ಒಂದರಲ್ಲಿ ಮಾತ್ರ ಸಂಜೀವಿನಿ ನೀರು. ಒಳಗೆ ಕಾಲಿಟ್ಟ ಕೂಡಲೇ ಕೊಡಗಳು ಮಾತಾಡತೊಡಗುತ್ತವೆ. ‘ನನ್ನಲ್ಲಿದೆ, ನನ್ನನ್ನೇ ಎತ್ತಿಕೊಳ್ಳಿ’ ಎಂದು ಒಂದು. ‘ಅದರ ಮಾತು ನಂಬಬೇಡಿ’ ಎಂದು ಇನ್ನೊಂದು. ಆರಕ್ಕೂ ಬೇರೆ ಬೇರೆ ದನಿ ಮಾಡಿ ಮಾತಾಡಿಸಿದೆ. ಏಳನೆಯದರ ಬಗ್ಗೆ ನಾನಾಗಿ ಏನೂ ಹೇಳಲಿಲ್ಲ. ಬರೀ ಮೌನವನ್ನೇ ನಂಬಿ ಕೂತರೆ ಆಟಗಾರರು ಗಮನಿಸದೇ ಹೋಗಬಹುದು. ಅದಕ್ಕೇ ಇನ್ನೆರಡು ಸುಳಿವು ಸೇರಿಸಿದ್ದೆ. ಕೊಡ ಅಲುಗಿಸಿದರೆ ಒಳಗೆ ನೀರಿನ ಸದ್ದು ಬರುತ್ತದೆ, ತುಂಬಿದ್ದರಲ್ಲಿ ಬರುವುದಿಲ್ಲ. ಬಾಯಿ ಮುಚ್ಚಿದ, ಪೂರ್ತಿ ತುಂಬಿದ ಪಾತ್ರೆಯೊಳಗೆ ನೀರಿಗೆ ಓಲಾಡಲು ಜಾಗವೇ ಇರುವುದಿಲ್ಲವಲ್ಲ. ಹಡಗಿನ ಟ್ಯಾಂಕುಗಳು ಅರೆಬರೆ ತುಂಬಿದ್ದಾಗ ಹಡಗು ಹೆಚ್ಚು ವಾಲುವುದೂ ಇದೇ ಓಲಾಟದಿಂದ. ಎರಡನೆಯ ಸುಳಿವು ನೆಲದ್ದು: ತುಳುಕಿ ತುಳುಕಿ ಆರು ಕೊಡಗಳ ಬುಡದಲ್ಲಿ ಪಾಚಿ ಕಟ್ಟಿದೆ.

ಮಾಂತ್ರಿಕ ಮಂತ್ರ ಹಾಕಿ ನೋಡಿದ. ಬಿಲ್ಲಾಳು ಕೊಡಗಳ ಜೊತೆ ವಾದಕ್ಕಿಳಿದಳು. ಅಷ್ಟು ಹೊತ್ತು ಸುಮ್ಮನಿದ್ದ ಋಷಿ, ಅಂದರೆ ಅದೇ ಗಾದೆ ಬಾರದ ಗೆಳೆಯ, ‘ಯಾವ ಕೊಡದ ಕೆಳಗೆ ನೆಲ ಒಣಗಿದೆ?’ ಅಂತ ಕೇಳಿದ. ನನ್ನ ಎದೆ ಬಡಿತ ನನಗೇ ಕೇಳಿಸಿತು. ಅವನು ಏಳನೆಯ ಕೊಡ ಎತ್ತಿಕೊಂಡ ಮೇಲೆ ಬಿಲ್ಲಾಳು ಮೇಜು ಗುದ್ದಿ ‘ಅಯ್ಯೋ, ತುಂಬಿದ ಕೊಡ ತುಳುಕೋದಿಲ್ಲ!’ ಎಂದು ಕೂಗಿದಳು. ಅವನು ‘ಹಾಗಂದ್ರೆ?’ ಅಂತ ಕೇಳಿ, ಅವಳಿಂದ ಗಾದೆ ಬರೆಸಿಕೊಂಡ. ಗಾದೆ ಗೊತ್ತಿದ್ದವರಿಗೆ ಹಳೆಯ ನೆಂಟರು ಸಿಕ್ಕ ಖುಷಿ, ಗೊತ್ತಿಲ್ಲದವನಿಗೆ ತಾನೇ ಕಂಡುಕೊಂಡ ಹೊಸ ಗಾದೆ. ನನಗೆ ಬೇಕಿದ್ದ ಕ್ರಮ ಅದೇ, ಮೊದಲು ಕೈ, ಆಮೇಲೆ ಮಾತು.

ಎಲ್ಲ ಗಾದೆಗಳೂ ಇದಕ್ಕೆ ಒಗ್ಗುವುದಿಲ್ಲ. ‘ಅತಿ ಆಸೆ ಗತಿ ಕೇಡು’ ಎಷ್ಟು ನಿಜವಾದರೂ ಅದರಲ್ಲಿ ಹಿಡಿಯಲು ಒಂದು ವಸ್ತುವಿಲ್ಲ, ನಿಲ್ಲಲು ಒಂದು ಜಾಗವಿಲ್ಲ. ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬುದರಲ್ಲಿ ಇಡೀ ತನಿಖೆಯೇ ಇದೆ. ತುಂಬಿದ ಸಭೆಯಲ್ಲಿ ಕಳ್ಳ ಯಾರೆಂದು ತಿಳಿಯದಿದ್ದರೆ, ತಿಳಿದಿದೆ ಎಂದು ಗಟ್ಟಿಯಾಗಿ ಹೇಳಿ ಹೆಗಲುಗಳನ್ನು ನೋಡುವುದು. ‘ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ’ ಅಂದರೆ ಬಾವಿಕಟ್ಟೆಯ ಬಳಿ ಹೊಂಚು ಹಾಕುವ ಕ್ವೆಸ್ಟ್, ಅಂದರೆ ಆಟಗಾರರು ಮುಗಿಸಬೇಕಾದ ಸಾಹಸ: ವೇಷ ಮರೆಸಿಕೊಂಡ ಮಾಟಗಾತಿಯನ್ನು ಮನೆ ಮನೆ ಹುಡುಕಬೇಕಾಗಿಲ್ಲ, ಊರಿನ ಒಂದೇ ಬಾವಿಯ ಬಳಿ ಮೂರು ದಿನ ತಾಳ್ಮೆಯಿಂದ ಕೂರಬೇಕು.

ಕನ್ನಡ ನಮಗೆ ಕೊಟ್ಟ ದೊಡ್ಡ ಗಣಿಯೆಂದರೆ ‘ಅಂತೆ’ಯಲ್ಲಿ ಮುಗಿಯುವ ಗಾದೆಗಳು. ಕೋಣನ ಮುಂದೆ ಕಿಂದರಿ ಬಾರಿಸಿದಂತೆ, ಬೆಟ್ಟ ಅಗೆದು ಇಲಿ ಹಿಡಿದಂತೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇವೆಲ್ಲ ಹೋಲಿಕೆಗಳು. ಕೊನೆಯ ‘ಅಂತೆ’ಯನ್ನು ಕಿತ್ತುಹಾಕಿದರೆ ಹೋಲಿಕೆ ಹೋಗಿ ಘಟನೆ ಉಳಿಯುತ್ತದೆ, ಆ ಘಟನೆ ನಡೆಯಬಹುದಾದ ಲೋಕವೇ ಫ್ಯಾಂಟಸಿ. ಬೇಲಿ ಎದ್ದಿತು, ಹೊಲ ಮೇಯ್ದಿತು. ಇದಕ್ಕಿಂತ ಒಳ್ಳೆಯ ರಾಕ್ಷಸನನ್ನು ನಾನು ಸ್ವಂತ ಬುದ್ಧಿಯಿಂದ ಕಟ್ಟಲಾರೆ.

ಬೇಲಿಯ ಕ್ವೆಸ್ಟ್ ನಾಲ್ಕು ಸೆಷನ್ ನಡೆಯಿತು. ಕಾಡಂಚಿನ ಊರು, ರಾತ್ರಿ ರಾತ್ರಿ ಪೈರು ಮಾಯವಾಗುತ್ತಿದೆ, ಹೆಜ್ಜೆ ಗುರುತಿಲ್ಲ. ಕಾವಲಿಗೆ ನಮ್ಮವರನ್ನು ಕರೆಸಿದ್ದು ಕಾವಲುಪಡೆಯ ಮುಖ್ಯಸ್ಥನೇ. ಮೊದಲ ರಾತ್ರಿ ಏನೂ ಕಾಣಲಿಲ್ಲ, ಯಾಕೆಂದರೆ ಎಲ್ಲರೂ ಬೇಲಿಗೆ ಬೆನ್ನು ಮಾಡಿ ಕಾಡಿನ ಕಡೆ ನೋಡುತ್ತಾ ನಿಂತಿದ್ದರು. ಬೆಳಗ್ಗೆ ಬೇಲಿಯ ಮುಳ್ಳುಗಳಲ್ಲಿ ಹಸಿ ತೆನೆ ಸಿಕ್ಕಿಕೊಂಡಿತ್ತು. ಎರಡನೆಯ ರಾತ್ರಿ ಕಳ್ಳಿ ಹೊಲದ ನಡುವೆ ಮಲಗಿ ಹೊರಮುಖವಾಗಿ ನೋಡಿದಳು. ಗೂಟಗಳು ಒಂದೊಂದಾಗಿ ಮಣ್ಣಿನಿಂದ ಕಾಲು ಕೀಳುವ ಸದ್ದನ್ನು ನಾನು ಬಾಯಲ್ಲೇ ಮಾಡಿ ತೋರಿಸಿದೆ. ಆ ಗಳಿಗೆಯಲ್ಲಿ ಮೇಜಿನ ಸುತ್ತ ಯಾರೂ ಮಿಸುಕಲಿಲ್ಲ.

ಅವರು ಬೇಲಿಯನ್ನು ಸುಟ್ಟರು. ಊರು ಹಬ್ಬ ಮಾಡಿತು. ಮೂರನೆಯ ದಿನ ಮತ್ತೆ ಪೈರು ಮಾಯ.

ಇಲ್ಲಿಗೆ ಬಂದಾಗ ಗಾದೆ ಎರಡನೆಯ ಸಲ ಬಾಯಿ ತೆರೆಯಬೇಕು. ಮೊದಲ ಸಲ ಅದು ಅಕ್ಷರಶಃ ನಿಜ. ಎರಡನೆಯ ಸಲ ನಮ್ಮ ಅಜ್ಜಿಯರು ಯಾವ ಅರ್ಥದಲ್ಲಿ ಹೇಳುತ್ತಿದ್ದರೋ ಆ ಅರ್ಥದಲ್ಲಿ ನಿಜ. ಬೂದಿಯ ಪಕ್ಕ ಕೂತು ಮಾಂತ್ರಿಕ ಕೇಳಿದ, ‘ಈ ಊರಲ್ಲಿ ಇನ್ಯಾರು ಬೇಲಿ?’ ಎಲ್ಲರೂ ಒಟ್ಟಿಗೆ ಕಾವಲು ಮುಖ್ಯಸ್ಥನ ಹೆಸರು ಹೇಳಿದರು. ಅವನ ಕಣಜದ ಬಗ್ಗೆ ಎರಡು ಸೆಷನ್ ಹಿಂದೆಯೇ ಒಂದು ಸಾಲು ಹೇಳಿಟ್ಟಿದ್ದೆ. ಒಂದು ಗಾದೆಯಿಂದ ಎರಡು ಅರ್ಥ ತೆಗೆಯಲು ಸಾಧ್ಯವಾಗದಿದ್ದರೆ ಆ ಕ್ವೆಸ್ಟನ್ನು ನಾನೀಗ ಬರೆಯುವುದೇ ಇಲ್ಲ.

ಹಾವು–ಕೋಲಿನ ಗಾದೆಯ ವಿಷಯದಲ್ಲಿ ನಮ್ಮಲ್ಲಿ ಜಗಳವೇ ಆಯಿತು. ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಅಂತ ನಾನು ಕಲಿತದ್ದು. ‘ಹಾವು ಸಾಯಬೇಕು, ಕೋಲು ಮುರಿಯಬಾರದು’ ಅಂತ ಬಿಲ್ಲಾಳು ಕಲಿತದ್ದು. ಎರಡೂ ಬಳಕೆಯಲ್ಲಿವೆ, ಒಂದು ಪದದ ಅಂತರದಲ್ಲಿ ಒಂದು ಜೀವ ಉಳಿಯುತ್ತದೆ ಅಥವಾ ಹೋಗುತ್ತದೆ. ನಾನು ಆ ಜಗಳವನ್ನೇ ಆಟಕ್ಕೆ ತಂದೆ. ಎದುರುಬದುರು ದಡದ ಎರಡು ಊರು, ಪೂರ್ವಿಕರ ಒಂದೇ ಕಟ್ಟಳೆಯ ಎರಡು ಪಾಠ, ನಡುವೆ ಹೊಳೆಯಲ್ಲಿ ನಿಧಿ ಸುತ್ತಿ ಮಲಗಿದ ಒಂದು ಘಟಸರ್ಪ. ಯಾವ ಊರಿನ ಕೋಲು ಹಿಡಿದು ಹೊಳೆಗಿಳಿಯುತ್ತೀರಿ? ತೀರ್ಮಾನಕ್ಕೆ ಬರಲು ಅವರಿಗೆ ಎರಡು ಗಂಟೆ ಬೇಕಾಯಿತು, ಅಷ್ಟು ಹೊತ್ತು ಒಂದು ಡೈಸ್ ಕೂಡ ಉರುಳಲಿಲ್ಲ.

ಡೈಸ್ ಎಂದಾಗ ಹೇಳಬೇಕು. ಗಾದೆ ಕಥೆಯಲ್ಲಿ ಬಂದು ಲೆಕ್ಕದಲ್ಲಿ ಬಾರದಿದ್ದರೆ ನನಗೆ ಸಮಾಧಾನವಿಲ್ಲ. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ಯನ್ನು ಗುಹೆಯ ಬಾಯಿಗೆ ಅಡ್ಡ ಬಿದ್ದ ಬಂಡೆಯಾಗಿ ಮಾಡಿದ್ದೆ. ಇಪ್ಪತ್ತು ಮುಖದ ಡೈಸ್, ಕಷ್ಟದ ಮಟ್ಟ 15 (ಅಂದರೆ 15 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಗೆಲುವು) ಎಂದಿಟ್ಟರೆ, ಬಿದ್ದ ಅಂಕಿಗೆ ಕೂಡಿಸಿಕೊಳ್ಳಲು ಪಾತ್ರದ ಬೋನಸ್ ಇಲ್ಲದವರು ಗೆಲ್ಲುವ ಸಾಧ್ಯತೆ ಶೇ. 30. ಐವರಲ್ಲಿ ಯಾರಾದರೊಬ್ಬರು ಗೆದ್ದರೆ ಸಾಕು ಅಂದರೆ ಅದು ಶೇ. 83ಕ್ಕೆ ಏರುತ್ತದೆ, ಆದರೆ ಆಗ ಬಂಡೆ ಎತ್ತಿದ್ದು ಒಬ್ಬನೇ. ಐವರೂ ಗೆಲ್ಲಲೇಬೇಕು ಅಂದರೆ ಸಾಧ್ಯತೆ ಶೇ. 0.24ಕ್ಕೆ ಕುಸಿಯುತ್ತದೆ. ಎರಡೂ ಈ ಗಾದೆಗೆ ಒಪ್ಪುವುದಿಲ್ಲ. ಕೊನೆಗೆ ಐವರೂ ಉರುಳಿಸಿದ್ದನ್ನು ಕೂಡಿಸಿ ಮೊತ್ತ 50 ಮುಟ್ಟಿದರೆ ಬಂಡೆ ಸರಿಯುತ್ತದೆ ಎಂದು ಮಾಡಿದೆ. ಒಬ್ಬ ಎಷ್ಟೇ ಬಲಶಾಲಿಯಾದರೂ ಅವನ ಡೈಸ್ 20 ದಾಟದು. ಐವರ ಸರಾಸರಿ ಮೊತ್ತ 52.5. ಅವತ್ತು ಋಷಿಗೆ ಬಿದ್ದದ್ದು 3. ಒಟ್ಟು 51. ಆ ಮೂರು ಇಲ್ಲದಿದ್ದರೆ ಬಂಡೆ ಅಲ್ಲೇ ಇರುತ್ತಿತ್ತು.

ಬಳಸಬಾರದೆಂದು ನಾನು ತೀರ್ಮಾನಿಸಿದ ಗಾದೆಗಳೂ ಇವೆ. ಜಾತಿಯನ್ನು, ಹೆಂಗಸರನ್ನು, ವಿಧವೆಯರನ್ನು, ಅಂಗವಿಕಲರನ್ನು ಹೀನಾಯವಾಗಿ ಕಾಣುವ ಗಾದೆಗಳು ನಮ್ಮಲ್ಲಿ ಸಾಕಷ್ಟಿವೆ. 1894ರ ಕಿಟೆಲ್ ನಿಘಂಟಿನಲ್ಲಿ ಪದಗಳ ಬಳಕೆ ತೋರಿಸಲು ಗಾದೆಗಳನ್ನು ಕೊಟ್ಟಿದ್ದಾರೆ. ಹಳೆಯ ರೂಪಗಳಿಗಾಗಿ ನಾನು ಅದನ್ನು ತಿರುವಿಹಾಕುತ್ತೇನೆ. ಆದರೆ ನನ್ನ ಆಟದಲ್ಲಿ ಗಾದೆ ಆ ಲೋಕದ ನಿಯಮವಾಗುತ್ತದೆ. ಯಾರನ್ನೋ ಕೀಳು ಮಾಡುವ ಸಾಲನ್ನು ನಿಯಮ ಮಾಡಿ, ಗೆಳೆಯರನ್ನು ಅದರೊಳಗೆ ನಡೆಸಲು ನನಗೆ ಮನಸ್ಸಿಲ್ಲ.

‘ಮಂತ್ರಕ್ಕೆ ಮಾವಿನಕಾಯಿ ಉದುರೀತೇ’ ನನಗೆ ಬೇರೆಯೇ ಬಾಗಿಲು ತೆರೆಯಿತು. ಮಂತ್ರಕ್ಕೆ ಮಾವಿನಕಾಯಿ ನಿಜಕ್ಕೂ ಉದುರುವ ಲೋಕದಲ್ಲಿ ಹಿರಿಯರು ಏನೆಂದು ಗಾದೆ ಕಟ್ಟಿಯಾರು? ಈಗ ಹೊಸ ಆಟ ಶುರುವಾಗುವ ಮುಂಚೆ ಪ್ರತಿಯೊಬ್ಬರಿಂದಲೂ ಅವರ ಪಾತ್ರದ ಊರಿನ ಒಂದು ಗಾದೆ ಬರೆಸುತ್ತೇನೆ. ಎರಡು ತುಂಡು ಇರಬೇಕು, ಪ್ರಾಸ ಇದ್ದರೆ ಇನ್ನೂ ಒಳ್ಳೆಯದು. ಕಳ್ಳಿ ಬರೆದುಕೊಟ್ಟದ್ದು: ‘ಘಟಸರ್ಪಕ್ಕೆ ನಿದ್ದೆ, ಊರಿಗೆ ಗದ್ದೆ’. ಘಟಸರ್ಪ ಮಲಗಿದ ತಿಂಗಳುಗಳಲ್ಲಷ್ಟೇ ಉತ್ತು ಬೆಳೆಯುವ ಊರು! ನಾಲ್ಕು ಪದದಲ್ಲಿ ಬೇಸಾಯ, ಭಯ, ಪಂಚಾಂಗ ಎಲ್ಲ ಬಂತು. ಈ ಸಲ ಸರ್ಪಕ್ಕೆ ಯಾಕೆ ಬೇಗ ಎಚ್ಚರವಾಯಿತು ಎಂಬುದೇ ಮುಂದಿನ ಆರು ತಿಂಗಳ ಕಥೆಯಾಯಿತು.

ಕಳೆದ ವಾರದ ಸೆಷನ್ ಇನ್ನೂ ತಲೆಯಿಂದ ಇಳಿದಿಲ್ಲ. ಬಹಳ ಹಿಂದೆ, ಪ್ರವಾಹದ ರಾತ್ರಿ, ಒಬ್ಬ ಅಂಬಿಗ ನಮ್ಮವರನ್ನು ಹೊಳೆ ದಾಟಿಸಿದ್ದ. ಕಾಸು ಮುಟ್ಟಲಿಲ್ಲ. ಆಚೆ ದಡದ ಊರಿನಲ್ಲಿರುವ ಮಗಳನ್ನು ಕಂಡು, ‘ಅಪ್ಪ ಚೆನ್ನಾಗಿದ್ದಾನೆ’ ಅಂತ ಹೇಳಿ ಬನ್ನಿ, ಅಷ್ಟೇ ಅಂದಿದ್ದ. ದಾಟಿದರು, ಮರೆತರು. ನಾನು ನೆನಪಿಸಲಿಲ್ಲ. ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ‘ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು’ ಎಂದು ಬರೆದು ಸುಮ್ಮನಾದೆ.

ಈಗ ಅವರು ಅದೇ ಹೊಳೆಗೆ ವಾಪಸ್ ಬಂದಿದ್ದಾರೆ. ಬೆನ್ನ ಹಿಂದೆ ಶತ್ರುಗಳ ಪಂಜುಗಳು. ದೋಣಿ ಆಚೆ ದಡದಲ್ಲಿದೆ. ಕತ್ತಲಲ್ಲಿ ಅಂಬಿಗನ ದನಿ ತೇಲಿ ಬಂತು: ‘ನನ್ನ ಮಗಳು ಏನಂದ್ಲು?’

ಮಾಂತ್ರಿಕ ತಕ್ಷಣ ಒಂದು ಸುಳ್ಳು ಹೆಣೆಯತೊಡಗಿದ. ಅವನಿಗೆ ಮಾತಿನ ಬೋನಸ್ ಜಾಸ್ತಿ, ಡೈಸ್ ಕೈಯಲ್ಲೇ ಇತ್ತು. ಕಳ್ಳಿ ಅವನ ಕೈ ಹಿಡಿದು ನಿಲ್ಲಿಸಿದಳು. ಎದ್ದು ನಿಂತು, ಹೊಳೆಯಾಚೆಗೆ ಕೇಳುವ ಹಾಗೆ ಕೂಗಿದಳು, ‘ಅಣ್ಣಾ, ನಾವು ಮರೆತುಬಿಟ್ವಿ. ಅವಳ ಹತ್ರ ಹೋಗಲೇ ಇಲ್ಲ.’

ದೋಣಿಯ ಹಗ್ಗ ಬಿಚ್ಚುವ ಸದ್ದು ಕೇಳಿಸಿತು ಎಂದಷ್ಟೇ ಹೇಳಿದೆ. ದೋಣಿ ಈ ಕಡೆ ಬರುತ್ತಿದೆಯೋ, ದೂರ ಹೋಗುತ್ತಿದೆಯೋ ಕತ್ತಲಲ್ಲಿ ಕಾಣುತ್ತಿಲ್ಲ ಅಂದೆ. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಋಷಿ ತನ್ನ ಡೈಸ್ ತೆಗೆದು ಪೆಟ್ಟಿಗೆಯೊಳಗಿಟ್ಟು, ‘ನಾನು ದಡದಲ್ಲೇ ಕೂತು ಕಾಯ್ತೀನಿ’ ಅಂದ.